ಟಾಲಾದಲ್ಲಿ ಅಚ್ಚುಕಲೆ: ಹೊಸಬರಿಗೆ ತಜ್ಞರ ಸಲಹೆ

ಡಬ್ಲಿನ್ನಿನ ನೈಋತ್ಯಕ್ಕೆ, ಗುಡ್ಡಗಳ ಬುಡದಲ್ಲಿರುವ ಟಾಲಾದ ಕನ್ನಡ ಮನೆಗಳಲ್ಲಿ ಕೊಲಾಜ್ ಮತ್ತು ಪ್ರಿಂಟ್‌ಮೇಕಿಂಗ್ ಹಂಗಾಮು ಶುರುವಾಗುವುದು ಅಕ್ಟೋಬರ್ ಕೊನೆಗೆ, ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ. ಸಂಜೆ ಐದಕ್ಕೇ ಕತ್ತಲು. ದಸರೆಯ ಗೊಂಬೆಗಳು ಪೆಟ್ಟಿಗೆ ಸೇರಿಯಾಗಿದೆ. ಮನುಷ್ಯ ಇಂಥ ಹೊತ್ತಿನಲ್ಲಿ ಒಂದೋ ಮಲಗಬೇಕು, ಇಲ್ಲವೇ ಕಲಾವಿದನಾಗಬೇಕು. ಎರಡನೆಯದನ್ನು ಆರಿಸಿಕೊಂಡವರಿಗಾಗಿ ಈ ಲೇಖನ.

ನಾನು ಈ ವಿಷಯದಲ್ಲಿ ತಜ್ಞ. ನಾನೇ ಅಚ್ಚು ತೆಗೆದಿದ್ದೇನೆಯೇ ಎಂದು ಕೆಲವರು ಕೇಳುವುದುಂಟು. ಅವರಿಗೆ ನನ್ನ ಉತ್ತರ ಇದು: ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1515ರಲ್ಲಿ ಕೊರೆಸಿದ ಖಡ್ಗಮೃಗದ ಮರದಚ್ಚು ಜಗತ್ಪ್ರಸಿದ್ಧ. ಪ್ರಾಣಿ ನಮ್ಮ ಗುಜರಾತಿನದು, ಗೋವಾದಿಂದ ಹಡಗಿನಲ್ಲಿ ಲಿಸ್ಬನ್ನಿಗೆ ಬಂದಿತ್ತು. ಡ್ಯೂರರ್ ಅದನ್ನು ಕಣ್ಣಾರೆ ನೋಡಿರಲೇ ಇಲ್ಲ. ಬೆನ್ನ ಮೇಲೆ ಇಲ್ಲದ ಇನ್ನೊಂದು ಕೊಂಬನ್ನೂ ಸೇರಿಸಿದ. ಯುರೋಪು ಅದನ್ನೇ ಶತಮಾನಗಳ ಕಾಲ ನಂಬಿತು. ತಜ್ಞತೆಗೆ ಇದಕ್ಕಿಂತ ಭದ್ರವಾದ ಅಡಿಪಾಯ ಬೇಕಿಲ್ಲ.

ಮೊದಲ ಹೆಜ್ಜೆ, ಸಾಮಾನು ಕೊಳ್ಳುವುದು. ಬಹುಪಾಲು ಹೊಸಬರು ಇಲ್ಲಿಗೇ ನಿಲ್ಲಿಸುತ್ತಾರೆ, ನಿಲ್ಲಿಸಿದರೂ ನಷ್ಟವಿಲ್ಲ. ರೋಲರ್, ಕೊರೆಯುವ ಲೈನೋ ಹಾಳೆ, ಉಳಿಗಳ ಸೆಟ್ಟು, ಶಾಯಿ ಬಳಿದು ಕಾಗದ ಒತ್ತುವ ಜೆಲ್ ಪ್ಲೇಟು. ಜೆಲ್ ಪ್ಲೇಟು ಎಂದ ಕೂಡಲೇ ನಮ್ಮವರು ಕೇಳುವ ಪ್ರಶ್ನೆ: "ಇದು ವೆಜ್ಜಾ?" ಪ್ರಶ್ನೆ ಸರಿಯಾದದ್ದೇ. ಮನೆಯಲ್ಲೇ ಕಾಯಿಸಿ ಮಾಡುವ ಪ್ಲೇಟಿನ ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬಂದದ್ದು. ಅಂಗಡಿಯಲ್ಲಿ ಸಿಗುವ ಜೆಲ್ ಪ್ಲೇಟಿನಲ್ಲಿ ಜೆಲಟಿನ್ನೇ ಇಲ್ಲ. ಆದ್ದರಿಂದ ದುಬಾರಿಯಾದದ್ದನ್ನು ಕೊಳ್ಳಲು ಟಾಲಾದ ಕನ್ನಡಿಗರಿಗೆ ಧಾರ್ಮಿಕ ಕಾರಣವೂ ಇದೆ.

ಲೈನೋ ಗಟ್ಟಿಯಾಗಿದ್ದರೆ ಸ್ವಲ್ಪ ಬಿಸಿ ತಾಗಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಉಳಿಯನ್ನು ಯಾವಾಗಲೂ ಮೈಯಿಂದ ಆಚೆಗೆ ತಳ್ಳಬೇಕು, ಇನ್ನೊಂದು ಕೈ ಉಳಿಯ ಹಿಂದಿರಬೇಕು. ಟಾಲಾದಲ್ಲಿ 1998ರಿಂದಲೇ ದೊಡ್ಡ ಆಸ್ಪತ್ರೆ ಇರುವುದರಿಂದ ಹೊಸಬರು ಈ ನಿಯಮವನ್ನು ಹಗುರವಾಗಿ ಕಾಣುತ್ತಾರೆ.

ಕೊಲಾಜಿಗೆ ಕಾಗದದ ಬರವಿಲ್ಲ. ಸೂಪರ್‌ಮಾರ್ಕೆಟ್ಟಿನ ಕರಪತ್ರ, ಚುನಾವಣೆಯ ಕರಪತ್ರ, ಪಿಜ್ಜಾದವರ ಕರಪತ್ರ ಬಾಗಿಲ ಸೀಳಿನಿಂದ ತಾವಾಗಿಯೇ ಒಳಗೆ ಬಂದು ಬೀಳುತ್ತವೆ. ಬಂಗಾರದ ಬಣ್ಣ ಬೇಕಾದವರು ಊರಿಂದ ಬಂದ ಮದುವೆ ಕಾಗದ ಬಳಸಬಹುದು. ಅಂಚಿನ ಅರಿಶಿನದ ಗುರುತನ್ನು ಹಾಗೇ ಬಿಡಿ, ಅದು 'ಟೆಕ್ಸ್ಚರ್'. ಗಣಪತಿ ಇರುವ ಭಾಗವನ್ನು ಮಾತ್ರ ಕತ್ತರಿಸುವಂತಿಲ್ಲ, ಎಸೆಯುವಂತಿಲ್ಲ, ಕೆಳಗೆ ಅಂಟಿಸುವಂತಿಲ್ಲ. ಹೀಗಾಗಿ ಟಾಲಾ ಕನ್ನಡಿಗರ ಕೊಲಾಜುಗಳಲ್ಲಿ ವಿಷಯ ಯಾವುದೇ ಇರಲಿ, ಮೇಲ್ತುದಿಯಲ್ಲಿ ಒಬ್ಬ ಗಣಪತಿ ಇದ್ದೇ ಇರುತ್ತಾನೆ. ವಿಮರ್ಶಕರು ಇದನ್ನು ಶೈಲಿ ಎನ್ನಬೇಕು.

ಇನ್ನೊಂದು ವೃತ್ತಿಸಂಬಂಧಿ ತೊಂದರೆ. ಕೊಲಾಜ್ ಮಾಡುವಾಗ ನೆಲದ ತುಂಬ ಕಾಗದ. ಕಾಗದ ತುಳಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನಮಗೆ ರಕ್ತಗತ. ಬೆರಳಿಗೆ ಕಪ್ಪು ಶಾಯಿ. ಸಂಜೆಯ ಹೊತ್ತಿಗೆ ಕಲಾವಿದ ಯಾರೆಂದು ರೆಪ್ಪೆ ನೋಡಿ ಹೇಳಬಹುದು.

ಪ್ರೆಸ್ ಇಲ್ಲವೆಂದು ಕೊರಗಬೇಡಿ. ಹಣ್ಣಿನ ರಸದ ಖಾಲಿ ಪೊಟ್ಟಣವನ್ನು ಬಿಡಿಸಿ, ಒಳಗಿನ ಬೆಳ್ಳಿಹಾಳೆಯ ಮೇಲೆ ಸೂಜಿಯಿಂದ ಗೀರಿ, ಶಾಯಿ ತುಂಬಿ, ಮೇಲ್ಮೈ ಒರೆಸಿ, ನೆನೆಸಿ ಒತ್ತಿದ ಕಾಗದದ ಜೊತೆ ಪಾಸ್ತಾ ಯಂತ್ರದ ಉರುಳೆಗಳ ನಡುವೆ ಹಾಯಿಸಿದರೆ ಒಳ್ಳೆಯ ಡ್ರೈಪಾಯಿಂಟ್ ಬರುತ್ತದೆ. ಲೈನೋಗೆ ಮರದ ಸೌಟಿನ ಬೆನ್ನಿನಿಂದ ಉಜ್ಜಿದರೂ ಸಾಕು. ಲಟ್ಟಣಿಗೆಯನ್ನು ನಾನು ಶಿಫಾರಸು ಮಾಡುವುದಿಲ್ಲ. "ರೀ, ಅದನ್ನ ಮುಟ್ಟಿದ್ರೆ ನಾಳೆಯಿಂದ ಚಪಾತಿ ನೀವೇ" ಎಂಬ ತಾಂತ್ರಿಕ ಆಕ್ಷೇಪ ಬಂದಿದೆ.

ಹವಾಮಾನದ ಬಗ್ಗೆ ತಪ್ಪು ಕಲ್ಪನೆ ಬೇಡ. ಡಬ್ಲಿನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರ್, ಬೆಂಗಳೂರಿಗಿಂತ ಕಡಿಮೆ. ಬೆಂಗಳೂರಿನ ಮಳೆ ಬಂದು ಹೋಗುತ್ತದೆ, ಇಲ್ಲಿಯದು ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ. ಎಣ್ಣೆ ಶಾಯಿಯ ಅಚ್ಚು ಒಣಗಲು ದಿನಗಟ್ಟಲೆ ಬೇಕು. ಹಗ್ಗದಲ್ಲಿ ಒಂದು ಕಡೆ ಅಚ್ಚುಗಳು, ಇನ್ನೊಂದು ಕಡೆ ಸಾಕ್ಸು. ಎರಡೂ ಒಟ್ಟಿಗೇ ಒಣಗುತ್ತವೆ, ಕೆಲವೊಮ್ಮೆ ಒಂದೇ ಬಣ್ಣಕ್ಕೆ.

ಈಗ ವಿದ್ಯೆಯ ತಿರುಳಿಗೆ ಬರೋಣ: ಹೆಸರಿಡುವುದು. ಪ್ಲೇಟಿನಲ್ಲಿ ಶಾಯಿ ಮುಗಿದು ಮಸುಕಾಗಿ ಬಂದರೆ ಅದು ಘೋಸ್ಟ್ ಪ್ರಿಂಟ್. ಫ್ರಾನ್ಸಿನ ಚಿತ್ರಕಾರ ಡೆಗಾ ಅಂಥವುಗಳ ಮೇಲೆ ಪ್ಯಾಸ್ಟೆಲ್ ಹಚ್ಚಿ ಕೃತಿ ಮಾಡಿದ. ಒಂದೇ ಒಂದು ಪ್ರತಿ ಬಂದರೆ ಮೋನೊಪ್ರಿಂಟ್. ಸೊಟ್ಟಗೆ ಬಂದರೆ 'ಆರ್ಟಿಸ್ಟ್ಸ್ ಪ್ರೂಫ್' ಎಂದು ಪೆನ್ಸಿಲ್ಲಿನಲ್ಲಿ ಬರೆಯಿರಿ. ಇಡೀ ಆವೃತ್ತಿಯಲ್ಲಿ ಪ್ರೂಫ್‌ಗಳು ಹತ್ತರಲ್ಲಿ ಒಂದರಷ್ಟಿರಬೇಕು ಎಂಬುದು ವಾಡಿಕೆ. ಹೊಸಬರಲ್ಲಿ ಉಳಿದ ಒಂಬತ್ತೂ ಅವೇ.

ಹೆಸರಿಡದೆ ಹೋದರೆ ಏನಾಗುತ್ತದೆ ನೋಡಿ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ ಸುತ್ತ ಹಗ್ಗ ಬಿಗಿದ. ಕಲಾಚರಿತ್ರೆ ಪುಟ ಮಗುಚಿತು. 1894ರಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಸರಸ್ವತಿಯರ ಅಚ್ಚುಚಿತ್ರಗಳಿಗೆ ನಮ್ಮ ಹೆಂಗಸರು ಜರಿ, ಚಮಕಿ, ಬಟ್ಟೆ ತುಂಡು ಅಂಟಿಸಿ ಸೀರೆ ಉಡಿಸಿದರು. ಆದರೆ ಅದಕ್ಕೆ 'ಮಿಕ್ಸೆಡ್ ಮೀಡಿಯಾ' ಎಂದು ಚೀಟಿ ಅಂಟಿಸದೆ, ಗಾಜು ಹಾಕಿಸಿ ಊದುಬತ್ತಿ ಹಚ್ಚಿಬಿಟ್ಟರು. ಮಾರ್ಕೆಟಿಂಗ್ ಬರದಿದ್ದರೆ ಹೀಗೇ.

ಕನ್ನಡ ಅಕ್ಷರ ಕೊರೆಯುವವರಿಗೆ ವಿಶೇಷ ಸೂಚನೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದ. ಕಲ್ಲಿನ ಮೇಲೆ ಅಕ್ಷರ ಎಡಬಲ ತಿರುಗಿದ್ದರೆ ತಾನೆ ಕಾಗದದಲ್ಲಿ ನೆಟ್ಟಗೆ ಬರುವುದು? ಜರ್ಮನಿಯ ಪಾದ್ರಿಗೆ ತಿಳಿದಿದ್ದ ಈ ಸಂಗತಿ ರಾಜ್ಯೋತ್ಸವಕ್ಕೆಂದು ಲೈನೋದಲ್ಲಿ 'ಕನ್ನಡ' ಎಂದು ಕೊರೆಯುವ ನಮ್ಮವರಿಗೆ ಶಾಯಿ ಹಚ್ಚಿದ ಮೇಲೆ ತಿಳಿಯುತ್ತದೆ. ಅಂಥದ್ದೊಂದು ಕೃತಿಯ ಮುಂದೆ ನಿಂತ ತೆಲುಗು ಗೆಳೆಯರು "ನಮ್ಮದೂ ಅಲ್ಲ" ಎಂದು ಖಾತ್ರಿಪಡಿಸಿದರು. ಗಾಬರಿ ಬೇಡ. 'ವಲಸಿಗನ ತಿರುಗುಮುರುಗಾದ ಅಸ್ಮಿತೆ' ಎಂದು ಕೆಳಗೆ ಬರೆದರೆ ಸಭೆ ತಲೆದೂಗುತ್ತದೆ.

ಪ್ರದರ್ಶನಕ್ಕೆ ಟಾಲಾದಲ್ಲೇ 2009ರಿಂದ 'ರೂಆ ರೆಡ್' ಕಲಾಕೇಂದ್ರವಿದೆ. ಅಲ್ಲಿಗೆ ಹೋಗಿ ಬೇರೆಯವರ ಕೆಲಸ ನೋಡಬಹುದು. ನೋಡಬೇಡಿ, ಆತ್ಮವಿಶ್ವಾಸ ಕುಗ್ಗುತ್ತದೆ. ರಾಜ್ಯೋತ್ಸವದ ದಿನ ಬಾಡಿಗೆ ಹಾಲಿನಲ್ಲಿ, ಬಿಸಿಬೇಳೆಬಾತಿನ ಸಾಲಿನ ಪಕ್ಕದ ಗೋಡೆಯೇ ಶ್ರೇಷ್ಠ. ಸಾಲು ನಿಧಾನವಾಗಿ ಸಾಗುವುದರಿಂದ ವೀಕ್ಷಕರಿಗೆ ಬೇರೆ ದಾರಿಯಿರುವುದಿಲ್ಲ.

ವಯಸ್ಸಾಯಿತು ಎನ್ನುವವರಿಗೆ ಮೇರಿ ಡೆಲಾನಿಯ ಉದಾಹರಣೆ ಕೊಡುವುದು ನಮ್ಮ ಪದ್ಧತಿ. ಡಬ್ಲಿನ್ನಿನ ಗ್ಲಾಸ್ನೆವಿನ್‌ನಲ್ಲಿ ಸಂಸಾರ ಮಾಡಿದ್ದ ಆಕೆ, ಗಂಡ ತೀರಿಕೊಂಡ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಇಂಗ್ಲೆಂಡಿನಲ್ಲಿ ಬಣ್ಣದ ಕಾಗದ ಕತ್ತರಿಸಿ ಹೂ ಅಂಟಿಸತೊಡಗಿದಳು. ಹತ್ತು ವರ್ಷದಲ್ಲಿ ಸಾವಿರಕ್ಕೆ ಸಮೀಪ ಹೂಗಳು. ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅದಕ್ಕೂ ಮುಂಚೆ ದಶಕಗಟ್ಟಲೆ ಕಸೂತಿ ಹಾಕಿ, ಕಾಗದ ಕತ್ತರಿಸಿ, ಗಿಡಗಳನ್ನು ನೋಡಿ ನೋಡಿ ಆಕೆಯ ಕೈ, ಕಣ್ಣು ಪಳಗಿದ್ದವು ಎಂಬುದನ್ನು ಮಾತ್ರ ಹೊಸಬರಿಗೆ ಹೇಳುವಂತಿಲ್ಲ. ಹೇಳಿದರೆ ಅವರು ಸಲಹೆ ಕೇಳುವುದು ಬಿಟ್ಟು ಅಭ್ಯಾಸಕ್ಕೆ ಕೂತುಬಿಡುತ್ತಾರೆ.

ಹಾಗೆ ಕೂತವರು ನಮ್ಮ ನಡುವೆ ಈಗಾಗಲೇ ಕೆಲವರಿದ್ದಾರೆ. ಬೆಂಡೆಕಾಯಿ ಅಡ್ಡ ಕೊಯ್ದು, ನೀರುಬಣ್ಣದಲ್ಲಿ ಅದ್ದಿ, ಹಾಳೆಯ ತುಂಬ ಹೂ ಒತ್ತುವ ಮಕ್ಕಳು. ಅವರಿಗೆ ರೋಲರ್ ಬೇಡ, ಹೇಳಿಕೆ ಬೇಡ, ಆವೃತ್ತಿ ಸಂಖ್ಯೆ ಬೇಡ. ಪ್ರತಿಸಲವೂ ಅಚ್ಚು ಬರುತ್ತದೆ. ಓದುಗರು ದಯವಿಟ್ಟು ಅವರನ್ನು ಪ್ರೋತ್ಸಾಹಿಸಬಾರದು. ಇಂಥವರು ಹೆಚ್ಚಾದರೆ ತಜ್ಞರ ಗತಿಯೇನು?