ದೊಡ್ಡಮ್ಮನಿಗೆ ಜನ ಬೇಕು

ಬಸವನಗುಡಿ, ಹನುಮಂತನಗರ, ಶ್ರೀನಗರದ ಕಡೆ ಸಂಜೆ ಹೊತ್ತು ಓಡಾಡುವವರಿಗೆ ಈ ದೊಡ್ಡಮ್ಮ ಹೊಸಬರಲ್ಲ. ಒಂದು ಮೊಳ ಮಲ್ಲಿಗೆ ಕೊಳ್ಳುವ ನೆಪದಲ್ಲಿ ಹೂವಿನವಳ ಮುಂದೆ ಕಾಲು ಗಂಟೆ ನಿಂತಿರುತ್ತಾರೆ. "ಯಾರಾದ್ರೂ ಒಳ್ಳೆ ಹೆಂಗಸು ಇದ್ರೆ ಹೇಳಮ್ಮ. ಅರ್ಧ ದಿನ ಬಂದ್ರೆ ಸಾಕು. ಏನೂ ಕೆಲ್ಸ ಇಲ್ಲ, ಮಗು ನೋಡ್ಕೊಳ್ಳೋದಷ್ಟೆ." ಹೂವಿನವಳಾದ ಮೇಲೆ ಇಸ್ತ್ರಿಯವನು, ಆಮೇಲೆ ಎದುರು ಮನೆಗೆ ಪಾತ್ರೆ ತೊಳೆಯಲು ಬರುವವಳು, ಕೊನೆಗೆ ರಾಯರ ಮಠದ ಅರ್ಚಕರು. ಕೇಳುವವರು ಬದಲಾದರೂ 'ಏನೂ ಕೆಲ್ಸ ಇಲ್ಲ' ಮಾತ್ರ ಬದಲಾಗುವುದಿಲ್ಲ.

ಮನೆ ಮೂವತ್ತು-ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು. ಕೆಳಗೆ ದೊಡ್ಡಮ್ಮ, ರಿಟೈರಾದ ಯಜಮಾನರು, ಯಜಮಾನರ ತಾಯಿ. ಮೊದಲ ಮಹಡಿಯಲ್ಲಿ ದೊಡ್ಡ ಮಗ, ಸೊಸೆ, ಮೂರು ಮಕ್ಕಳು. ಅದರ ಮೇಲೆ ಚಿಕ್ಕ ಮಗ ಮತ್ತು ಅವನ ಹೆಂಡತಿ. ಅಡುಗೆಮನೆ ಒಂದೇ, ಗಂಡಸರ ಅಭಿಪ್ರಾಯಗಳು ಮೂರು.

ಇಷ್ಟು ಜನರಿರುವ ಮನೆಯಲ್ಲಿ ಒಂದು ಕೂಸನ್ನು ಎತ್ತಿಕೊಳ್ಳಲು ಕೈ ಇಲ್ಲವೇ ಎಂದು ಕೇಳಬೇಡಿ. ಯಜಮಾನರಿಗೆ ಹತ್ತೂವರೆಯವರೆಗೆ ಪ್ರಜಾವಾಣಿ ಇರುತ್ತದೆ, ಆಮೇಲೆ ಅದರಲ್ಲಿ ಓದಿದ್ದನ್ನು ಗೆಳೆಯರಿಗೆ ಫೋನಿನಲ್ಲಿ ಹೇಳುವುದಿರುತ್ತದೆ. ಮುತ್ತಜ್ಜಿಯನ್ನೇ ಒಬ್ಬರು ಹಿಡಿದುಕೊಂಡು ನಡೆಸಬೇಕು. ಚಿಕ್ಕ ಸೊಸೆಯದು ಮನೆಯಿಂದಲೇ ಕೆಲಸ. ಬಾಗಿಲು ತಟ್ಟಿದರೆ ಒಳಗಿನಿಂದ "ಕಾಲ್‌ನಲ್ಲಿದೀನಿ ಅತ್ತೆ" ಎಂಬ ಸದ್ದು ಮಾತ್ರ ಬರುತ್ತದೆ. ಗಂಡುಮಕ್ಕಳಿಬ್ಬರೂ ಮಗುವನ್ನು ಬಹಳ ಪ್ರೀತಿಸುತ್ತಾರೆ, ಅದು ಅಳುವವರೆಗೆ.

ತಾಪತ್ರಯ ಶುರುವಾದದ್ದು ರಜೆಯ ಲೆಕ್ಕದಲ್ಲಿ. 2017ರ ತಿದ್ದುಪಡಿಯ ಮೇಲೆ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು ಎಂಬುದು ದೊಡ್ಡಮ್ಮನಿಗೂ ಗೊತ್ತಿತ್ತು. ಹಿಂದಿನ ಬಾಣಂತನದಲ್ಲಿ ಸೊಸೆ ಆರು ತಿಂಗಳು ಮನೆಯಲ್ಲೇ ಇದ್ದಳಲ್ಲ. ಗೊತ್ತಿಲ್ಲದ ಸಂಗತಿಯೆಂದರೆ, ಆಗಲೇ ಇಬ್ಬರು ಮಕ್ಕಳಿರುವ ತಾಯಿಗೆ ಮುಂದಿನ ಹೆರಿಗೆಗೆ ಸಿಗುವುದು ಅದೇ ಹಳೆಯ 12 ವಾರ, ಅದರಲ್ಲೂ ಒಂದಷ್ಟು ಹೆರಿಗೆಗೆ ಮೊದಲೇ ಖರ್ಚಾಗಿರುತ್ತದೆ. ಮೂರನೆಯದು ಇನ್ನೂ ಕತ್ತು ನಿಲ್ಲಿಸಿಲ್ಲ, ಸೊಸೆಯ ಲ್ಯಾಪ್‌ಟಾಪ್ ಚೀಲದಿಂದ ಹೊರಬಂದೇ ಬಿಟ್ಟಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎನ್ನುತ್ತದೆ ಅದೇ ಕಾನೂನು. ಅವಳ ಆಫೀಸಿನಲ್ಲೂ ಇದೆ, ಹೊರವರ್ತುಲ ರಸ್ತೆಯಲ್ಲಿ. ಎಳೆಗೂಸನ್ನು ದಿನಾ ಎರಡು ಸಲ ಸಿಲ್ಕ್ ಬೋರ್ಡ್ ದಾಟಿಸುವ ಧೈರ್ಯ ಆ ಕಾನೂನು ಬರೆದವರಿಗೂ ಇದ್ದಿರಲಾರದು.

"ನಮ್ಮ ಕಾಲದಲ್ಲಿ ಆಯಾ ಇದ್ದಳೇನು?" ಎಂದು ಯಜಮಾನರು ಪೇಪರಿನ ಹಿಂದಿನಿಂದ ಕೇಳುತ್ತಾರೆ. ಖಂಡಿತ ಇದ್ದಳು. ಗಂಡ ಸತ್ತು ತವರಿಗೆ ಮರಳಿದ ಸೋದರತ್ತೆ, ಮದುವೆ ಗಟ್ಟಿಯಾಗದೆ ಉಳಿದ ಚಿಕ್ಕಮ್ಮ. ಸಂಬಳ ಇರಲಿಲ್ಲವಾದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ಊರಿನಿಂದ ಹತ್ತು ವರ್ಷದ ಹುಡುಗಿಯೊಬ್ಬಳನ್ನು ತೊಟ್ಟಿಲು ತೂಗಲು ಕರೆತಂದು, "ನಮ್ಮನೆ ಮಗಳ ಹಾಗೇ ಇದ್ದಾಳೆ" ಎಂದು ಹೇಳಿಕೊಳ್ಳುವ ಪದ್ಧತಿಯೂ ಇತ್ತು. ಆ ಮಗಳು ಶಾಲೆಗೆ ಮಾತ್ರ ಹೋಗುತ್ತಿರಲಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ಅಪರಾಧ. ದೊಡ್ಡಮ್ಮನಿಗೆ ಇದನ್ನೂ ಯಾರಾದರೂ ಆಗಾಗ ನೆನಪಿಸಬೇಕಾಗುತ್ತದೆ.

ಅಂತೂ ಹೂವಿನವಳು ಕಳಿಸಿದ ಹೆಂಗಸು ಒಂದು ಬೆಳಿಗ್ಗೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು ಒಳಬಂದು, ನಿಂತೇ ಇದ್ದಳು.

ದೊಡ್ಡಮ್ಮನ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಯಾವ ಊರು, ಯಜಮಾನ ಏನು ಮಾಡ್ತಾನೆ, ಕುಡೀತಾನಾ. ಆಮೇಲೆ ದನಿ ತಗ್ಗಿಸಿ, "ನಿಮ್ಮನೇಲಿ ಊಟ ಏನಮ್ಮ? ಮೊಟ್ಟೆಗಿಟ್ಟೆ ತಿಂತೀರಾ?" ನೇರವಾಗಿ ಕೇಳಲು ನಾಚಿಕೆಯಾಗುವ ಜಾತಿಯನ್ನು ಬೆಂಗಳೂರಿನ ಮರ್ಯಾದಸ್ಥರು ಹೀಗೆ ಮೊಟ್ಟೆಯ ಮೂಲಕ ವಿಚಾರಿಸುತ್ತಾರೆ. ಬಂದಾಕೆಗೆ ಇದು ಹೊಸದಲ್ಲ. "ಸಿಕ್ಕಿದ್ದು ತಿಂತೀವಮ್ಮ" ಎಂದು ಮುಗಿಸಿದಳು.

ಅಷ್ಟರಲ್ಲಿ ಒಳಗೆ ಕೂಸು ಎದ್ದಿತು. ದೊಡ್ಡಮ್ಮ ತಂದು ಕೊಟ್ಟರು. ನಿಜವಾದ ಪರೀಕ್ಷೆ ಇದೇ. ಆಕೆ ಮೊದಲು ಬಚ್ಚಲೆಲ್ಲಿ ಎಂದು ಕೇಳಿ ಕೈ ತೊಳೆದು ಬಂದಳು. ಒಂದು ಅಂಗೈ ಕತ್ತಿನ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ನೀವಿದಳು. ಕೂಸು ಒಂದು ದೊಡ್ಡ ತೇಗು ತೆಗೆದು ಸುಮ್ಮನಾಯಿತು. ಬೆಳಗಿನಿಂದ ಅದಕ್ಕೆ ದೃಷ್ಟಿಯಾಗಿದೆ ಎಂದು ಮೂರು ಬಾರಿ ಉಪ್ಪು-ಮೆಣಸಿನಕಾಯಿ ನಿವಾಳಿಸಿದ್ದ ಮುತ್ತಜ್ಜಿ ಬಾಯಿಬಿಟ್ಟು ನೋಡಿದರು.

ಕೂಸನ್ನು ಹೆಗಲ ಮೇಲಿಟ್ಟುಕೊಂಡೇ ಆಕೆ ತನ್ನ ಪ್ರಶ್ನೆ ತೆಗೆದಳು. "ಮನೇಲಿ ಒಟ್ಟು ಎಷ್ಟು ಜನ ಅಮ್ಮ?"

"ಜನ ಎಷ್ಟಿದ್ರೇನು? ನೀನು ನೋಡೋದು ಮಗೂನ."

"ಎಷ್ಟು ಮಕ್ಳು?"

"ಇದೊಂದೇ... ಇನ್ನಿಬ್ರು ದೊಡ್ಡವರು." ದೊಡ್ಡವರಲ್ಲಿ ಒಬ್ಬಳಿಗೆ ಮೂರು ವರ್ಷ, ಆ ಹೊತ್ತಿಗೆ ಆಕೆಯ ಸೆರಗು ಹಿಡಿದು ಜೋತಾಡುತ್ತಿದ್ದಳು.

ಜನರ ಎಣಿಕೆ ಕೇಳಿದ್ದು ಅಧಿಕಪ್ರಸಂಗ ಎಂದು ದೊಡ್ಡಮ್ಮನಿಗೆ ಅನಿಸಿತು. ಆದರೆ ಅದು ಸರ್ಕಾರವೇ ಕೇಳಿದ ಪ್ರಶ್ನೆ. ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿ 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮದು. ನಾಲ್ಕು ಜನರ ಸಂಸಾರವನ್ನು ಅಳತೆಗೆ ಇಟ್ಟುಕೊಂಡು, ಅದಕ್ಕಿಂತ ದೊಡ್ಡ ಸಂಸಾರವಾದರೆ ಕೂಲಿಯ ಮೇಲೆ ಶೇಕಡ 10 ಹೆಚ್ಚು ಎಂದು ಅದರಲ್ಲಿ ಬರೆದರು. ಹತ್ತು ತಲೆಗೂ ಅದೇ ಶೇಕಡ 10. ದೊಡ್ಡಮ್ಮನ ಮನೆಯನ್ನು ಕಣ್ಣಾರೆ ಕಂಡಿದ್ದರೆ ಇನ್ನಷ್ಟು ಉದಾರವಾಗಿ ಬರೆಯುತ್ತಿದ್ದರೇನೋ.

ಸಂಬಳದ ಮಾತು ಬಂತು. ಆಕೆ ಒಂದು ಮೊತ್ತ ಹೇಳಿದಳು. ದೊಡ್ಡಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. ಕಳೆದ ತಿಂಗಳು ಇದಕ್ಕಿಂತ ಹೆಚ್ಚಿನ ಬೆಲೆಗೆ ಏರ್ ಫ್ರೈಯರ್ ತಂದಾಗ ಆ ಕೈ ಅಲ್ಲಿಗೆ ಹೋಗಿರಲಿಲ್ಲ. "ಬಸ್ ಫ್ರೀ ಅಲ್ವೇನಮ್ಮ ನಿಮಗೆ? ಅಷ್ಟಾದರೂ ಕಡಿಮೆ ಮಾಡ್ಕೋ" ಎಂದರು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ, ಅದರ ಲಾಭ ಆಯಾ ಸಂಬಳದಲ್ಲಿ ತಮಗೂ ಬರಬೇಕು ಎಂದುಕೊಂಡ ಯಜಮಾನಿಯರು ಇವರೊಬ್ಬರೇ ಅಲ್ಲ. ಇವರೂ ಗಾಂಧಿಬಜಾರಿಗೆ ಅದೇ ಬಸ್ಸಿನಲ್ಲಿ ಪುಕ್ಕಟೆ ಹೋಗಿ ಬರುತ್ತಾರೆ.

ಕೊನೆಗೆ ಬೆಳಿಗ್ಗೆ ಎಂಟರಿಂದ ಒಂದೂವರೆ ಎಂದು ಒಪ್ಪಂದವಾಯಿತು. ಅಂಗನವಾಡಿಯಿಂದ ತನ್ನ ಮಗುವನ್ನು ಕರೆತರುವ ಮೊದಲು ಆಕೆಗೆ ಇನ್ನೊಂದು ಮನೆಯ ಪಾತ್ರೆ ತೊಳೆಯುವುದಿತ್ತು. ಕೈಮುಗಿದು ಹೊರಟವಳನ್ನು ದೊಡ್ಡಮ್ಮ ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. "ಮಗು ಮಲಗಿದಾಗ ಸುಮ್ನೆ ಕೂರೋ ಬದಲು ಸೊಪ್ಪು ಬಿಡಿಸಿಬಿಡು. ಹನ್ನೆರಡೂವರೆಗೆ ದೊಡ್ಡೋನ ಸ್ಕೂಲ್ ವ್ಯಾನ್ ಬರತ್ತೆ, ಇಳಿಸ್ಕೋ. ಅಜ್ಜಿ ಮಂಡಿಗೆ ಒಂಚೂರು ಎಣ್ಣೆ. ಅಷ್ಟೆ. ಬೇರೆ ಏನೂ ಕೆಲ್ಸ ಇಲ್ಲ."

ಆಕೆ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡಳು. "ಸೋಮವಾರ ಬರ್ತೀನಮ್ಮ" ಎಂದಳು. ಯಾವ ಸೋಮವಾರ ಎಂದು ಹೇಳಲಿಲ್ಲ. ಈಗ ಹಿಂದಿನ ರಸ್ತೆಯಲ್ಲಿ, ಗಂಡ, ಹೆಂಡತಿ, ಒಂದೇ ಮಗು ಇರುವ ಮನೆಗೆ ಹೋಗುತ್ತಿದ್ದಾಳೆ ಎಂದು ಹೂವಿನವಳೇ ಸುದ್ದಿ ತಂದಳು.

ದೊಡ್ಡಮ್ಮ ಮತ್ತೆ ಹುಡುಕುತ್ತಿದ್ದಾರೆ. ನಿಮಗೆ ಗೊತ್ತಿರುವವರು ಯಾರಾದರೂ ಇದ್ದರೆ ಕಳಿಸಿಕೊಡಿ. ಮನೆಯಲ್ಲಿ ಹತ್ತು ಜನ, ಮಕ್ಕಳು ಮೂರು, ಸೊಪ್ಪು ದಿನಾ ಇರುತ್ತದೆ ಎಂದು ಮೊದಲೇ ಹೇಳಿ ಕಳಿಸಿ.