ಐದನೆಯ ಸ್ನಾನ

ಮನೆ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟವನು ಬೆಂಗಳೂರಿನ ಪಾರ್ಕುಗಳಲ್ಲಿ ತನ್ನಷ್ಟಕ್ಕೇ ವಕೀಲನಾಗುತ್ತಾನೆ. ನಾನೂ ಆಗಿದ್ದೇನೆ. ಅಗ್ರಿಮೆಂಟು ಹನ್ನೊಂದೇ ತಿಂಗಳಿಗೆ ಯಾಕೆ ಸಾರ್? ಕರಾರು ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯಿದೆ ನಮ್ಮನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಎಳೆಯುತ್ತದೆ, ಅದಕ್ಕೇ. ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯಬಹುದಾ? ಕರಾರಿನಲ್ಲಿದ್ದರೆ ಹಿಡಿಯಿರಿ, ಹಿಡಿದ ಮೇಲೆ ಪೇಂಟನ್ನೂ ಹೊಡೆಸಿ. ಅಡ್ವಾನ್ಸು? ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಬಾರದು ಅನ್ನುತ್ತದೆ ಎಂದೆ. ಹತ್ತು ತಿಂಗಳದ್ದು ಎಣಿಸಿಕೊಂಡವರೆಲ್ಲ ನನ್ನನ್ನು ಕುಲದ್ರೋಹಿಯಂತೆ ನೋಡಿದರು. ನಾನು ತಗೊಂಡಿದ್ದೂ ಹತ್ತೇ ಎಂದ ಮೇಲೆ ಕಾಫಿ ಕೊಡಿಸಿದರು.

ಬಂದವರು ಯಾವ ಪೈಕಿ ಅಂತ ತಿಳಿಯೋದು ಹೇಗೆ ಎಂದು ಒಬ್ಬರು ಕೇಳಿದರು. ಒಗ್ಗರಣೆ ಮೂಸಿ ಮನೆ ಕೊಡುವವರಿಗೆ ನನ್ನ ಹತ್ತಿರ ಉತ್ತರವಿಲ್ಲ.

ಆದರೆ ನಾಲ್ಕು ಜನ ಅಂತ ಹೇಳಿ ಆರು ಜನ ಇದ್ದರೆ ಪತ್ತೆ ಹಚ್ಚುವುದು ಹೇಗೆ? ಇದರಲ್ಲಿ ನನ್ನದು ಸ್ವಂತ ವಿದ್ಯೆ. ಮೇಲಿನ ಬಚ್ಚಲಿನ ಪೈಪು ನಮ್ಮ ಅಡುಗೆಮನೆಯ ಹೊರಗೋಡೆಗುಂಟ ಇಳಿಯುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿನವರ ಕೈಕಾಲು ಹಿಡಿದಾಗಿನಿಂದ ನನ್ನ ಕಿವಿ ಅತ್ತಲೇ. ಮೇಲಿನವರು ಹಾವೇರಿ ಕಡೆಯವರು. ಯಜಮಾನರದು ನಾಲ್ಕೇ ಚೊಂಬು, ಆಫೀಸಿಗೆ ತಡವಾದವರ ಸ್ನಾನ. ಆಕೆಯದು ಶುಕ್ರವಾರ ದೀರ್ಘ. ಸೀಗೆಕಾಯೋ ಶಾಂಪೂವೋ ಎಂದು ಹೇಳುವಷ್ಟು ಪರಿಣತಿ ನನಗಿನ್ನೂ ಬಂದಿಲ್ಲ. ಮಗ ಷವರ್ ಬಿಟ್ಟು ಮೈಮರೆಯುತ್ತಾನೆ. ಮಗಳದು ಮೊದಲು ಕಿರುಚಾಟ, ಆಮೇಲೆ ನೀರು.

ಒಂದು ಬೆಳಗ್ಗೆ ಐದನೆಯದು ಕೇಳಿಸಿತು. ಒಂದು ಚೊಂಬು. ಮೌನ. ಮುಗಿಯಿತೇನೋ ಎಂದು ಒಳಗೆ ಹೊರಟರೆ ಇನ್ನೊಂದು ಚೊಂಬು. ನಡುವಿನ ವಿರಾಮದಲ್ಲಿ ತಿಂಡಿ ಮುಗಿಸಬಹುದಿತ್ತು. ಯಾರಿದು? ಬಟ್ಟೆ ಒಗೆಯುವುದಾದರೆ ಕುಕ್ಕುವ ಸದ್ದಿಲ್ಲ, ನಲ್ಲಿ ಸೋರಿಕೆಯಾದರೆ ಇಷ್ಟು ಶಿಸ್ತಿಲ್ಲ. ಸ್ಟೂಲ್ ತಂದು ಹತ್ತಿದೆ. ಪೈಪಿಗೆ ಕಿವಿ ಅಂಟಿಸಿದೆ. ಸಾಲದೆ, ಸ್ಟೀಲ್ ಲೋಟ ಬೋರಲು ಹಚ್ಚಿ ಅದರ ತಳಕ್ಕೆ ಕಿವಿಯಿಟ್ಟೆ. ಆಹಾ! ಚೊಂಬು ಬಕೆಟ್ಟಿನ ಅಂಚಿಗೆ ತಾಗಿದ್ದೂ ಕೇಳಿಸುವಂತಾಯಿತು.

"ಮೇಲೆ ಹೋಗಿ ಕೇಳಬಾರದಾ?" ಎಂದಳು ನನ್ನಾಕೆ.

ಓನರ್ ಮೇಲೆ ಹೋದರೆ ಮರ್ಯಾದೆ ಏನಾಯಿತು ಎನ್ನುವಷ್ಟರಲ್ಲಿ, ಯೂನಿಫಾರ್ಮಿನಲ್ಲಿ ಸ್ಕೂಲ್ ವ್ಯಾನಿಗೆ ಕಾಯುತ್ತಿದ್ದ ಮೇಲಿನ ಮನೆ ಹುಡುಗಿ ಸ್ಟೂಲಿನ ಬುಡಕ್ಕೇ ಬಂದಿತ್ತು.

"ಅಂಕಲ್, ಪೈಪಿಗೆ ಆರಾಮಿಲ್ಲೇನ್ರಿ?"

"ಹ್ಞೂಂ ಪುಟ್ಟಿ, ಸ್ವಲ್ಪ ಕಫ."

ತಾನೂ ಕಿವಿಯಿಟ್ಟು ಕೇಳಿತು. "ಇದು ಅಜ್ಜಾರ ಜಳಕ ರೀ. ಕಿದ್ವಾಯಿಗೆ ತೋರಸಾಕ ಬಂದಾರ. ಸಪ್ಪಳ ಮಾಡಬ್ಯಾಡ್ರಿ, ಓನರಿಗೆ ಗೊತ್ತಾಕ್ಕೈತಿ ಅಂತ ಅಪ್ಪ ಹೇಳ್ಯಾನ. ಅದಕ್ಕ ಮೆತ್ತಗ ಹಾಕ್ಕೋತಾರ."

ವ್ಯಾನ್ ಬಂತು, ಹುಡುಗಿ ಓಡಿತು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಅಂದಮೇಲೆ ಕೇಳುವುದೇನಿದೆ? ಹುಷಾರಿಲ್ಲದ ಮುದುಕ ಪರಊರಿನಲ್ಲಿ ಕಳ್ಳನ ಹಾಗೆ ಮೈಮೇಲೆ ನೀರು ಸುರಿದುಕೊಳ್ಳುತ್ತಿದ್ದದ್ದು ನನ್ನ ಹೆದರಿಕೆಗೆ.

ಸಂಜೆ ಮೇಲೆ ಹೋದೆ. ಯಜಮಾನರ ಮುಖ ಬಿಳಿಚಿತು. ಅಜ್ಜಾರನ್ನು ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದ್ದರು. ನಾನು ಆ ಬಾಗಿಲಿಗೂ ಕೇಳಲಿ ಎಂದು ಜೋರಾಗಿ, "ಪೈಪಿನಲ್ಲಿ ಕಸ ಕಟ್ಟಿದೆ ಕಣ್ರೀ. ದಿನಾ ಬೆಳಗ್ಗೆ ಎರಡು ಬಕೆಟ್ ನೀರು ಜೋರಾಗಿ ಹೋದರೆ ಸರಿಹೋಗುತ್ತೆ ಅಂತ ಪ್ಲಂಬರ್ ಹೇಳಿದ್ದಾನೆ" ಎಂದೆ.

ಈಗ ಐದನೆಯ ಸ್ನಾನ ರಸ್ತೆಗೆಲ್ಲ ಕೇಳುತ್ತದೆ. ನೀರಿನ ಬಿಲ್ಲೂ ಏರಿದೆ. ಬಾಡಿಗೆಯಲ್ಲೇ ನೀರೂ ಸೇರಿದೆ ಎಂದು ಬರೆಸಿಬಿಟ್ಟಿರುವುದರಿಂದ ಹನ್ನೊಂದು ತಿಂಗಳು ತುಂಬುವವರೆಗೆ ಕಟ್ಟಬೇಕಾದವನು ನಾನೇ.