ಪ್ರೇಷಿತಸ್ವರವಿಕಾರ ಮೀಮಾಂಸೆ

ಸಕಲ ಶಾಸ್ತ್ರಗಳಿಗೂ ಅಧಿಕಾರಿನಿರ್ಣಯವೇ ಪ್ರಥಮ ಸೋಪಾನವಾದುದರಿಂದ, ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂಬುದನ್ನು ಮೊದಲು ಹೇಳತಕ್ಕದ್ದು. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ‘ವಿಯು’ ಎಂದು ಮೊದಲಾಗುವ ಕರೆಸಂಕೇತವನ್ನು ಪಡೆದು, ರೇಡಿಯೋವನ್ನು ಗಣಕದೊಡನೆ ವಿಧಿವತ್ತಾಗಿ ಜೋಡಿಸಿ, 40 ಮೀಟರ್ ಬ್ಯಾಂಡಿನಲ್ಲಿ ತನ್ನ ಕಂಠವನ್ನು ಲೋಕಕ್ಕೆ ನಿವೇದಿಸಿದ ಹ್ಯಾಮ್ ಮಹಾಶಯನಿಗೆ, ಆ ಕಡೆಯಿಂದ ‘ಸಿಗ್ನಲ್ ಭರ್ಜರಿಯಾಗಿದೆ ಸಾರ್, ಮಾತು ಮಾತ್ರ ಒಂದಕ್ಷರವೂ ತಿಳಿಯುತ್ತಿಲ್ಲ’ ಎಂಬ ಉತ್ತರ ಬಂದ ಕ್ಷಣದಲ್ಲಿ ಜಿಜ್ಞಾಸೆಯು ಉದಯಿಸುತ್ತದೆ. ಉದಯಿಸದವನು ಅನಧಿಕಾರಿ, ಅವನ ವಿಷಯದಲ್ಲಿ ಶಾಸ್ತ್ರವು ಮೌನ ವಹಿಸುವುದು, ಪಕ್ಕದ ಸ್ಟೇಷನ್ನಿನವರು ವಹಿಸಲಾರರು.

ಪ್ರಮಾಣಗಳ ಪೈಕಿ ಪ್ರತ್ಯಕ್ಷವು ಇಲ್ಲಿ ನಿಷ್ಪ್ರಯೋಜಕ. ತಂತ್ರಾಂಶದ ಮಾನಿಟರನ್ನು ಕಿವಿಗಿಟ್ಟುಕೊಂಡು ಕೇಳಿದರೆ ತನ್ನ ಸ್ವರ ಗಂಧರ್ವಗಾನದಂತಿರುವುದು ನಿಜವೇ. ಆದರೆ ಆ ಮಾನಿಟರು ಬಹುಮಟ್ಟಿಗೆ ಗಣಕದೊಳಗಿನ ಧ್ವನಿಯನ್ನೇ ಮರಳಿ ಒಪ್ಪಿಸುವುದಲ್ಲದೆ, ಆಂಪ್ಲಿಫೈಯರನ್ನು ದಾಟಿ ಆಂಟೆನಾ ಏರಿದ ಧ್ವನಿಗೆ ಏನಾಯಿತೆಂಬುದನ್ನು ಅರಿಯದು.

ಇನ್ನು ಪೂರ್ವಪಕ್ಷಗಳು. ಮೈಕ್‌ವಾದಿಗಳು ಈಗಿರುವುದಕ್ಕಿಂತ ದುಬಾರಿ ಮೈಕೊಂದನ್ನು ಕೊಳ್ಳುವುದೇ ಮೋಕ್ಷವೆನ್ನುವರು. ಪುನಃಸ್ಥಾಪನವಾದಿಗಳು ತಂತ್ರಾಂಶವನ್ನು ಕಿತ್ತು ಮತ್ತೆ ಹಾಕುವುದರಿಂದ ಪೂರ್ವಕರ್ಮಗಳು ನಶಿಸುವುವೆನ್ನುವರು. ಎಲ್ಲಕ್ಕೂ ಗಣಕದ ಬಫರೇ ಕಾರಣವೆನ್ನುವ ಬಫರ್‌ವಾದಿಗಳ ಮಾತಿನಲ್ಲಿ ಮಾತ್ರ ಕಿಂಚಿತ್ ಸತ್ಯವುಂಟು: ಒಂದು ಕಡೆ ಸೆಕೆಂಡಿಗೆ 48,000 ಮಾದರಿಗಳೂ ಇನ್ನೊಂದು ಕಡೆ 44,100 ಮಾದರಿಗಳೂ ಎಂದು ತಪ್ಪು ನಿಗದಿಯಾಗಿದ್ದರೆ, ಅಥವಾ ಎರಡು ಗಡಿಯಾರಗಳು ಒಂದರೊಡನೊಂದು ಹೆಜ್ಜೆ ಹಾಕದಿದ್ದರೆ, ಮಾತಿನ ನಡುವೆ ಚಟಪಟ ಸದ್ದು ಏಳುವುದು. ಆದರೆ ಇದು ಸ್ವರಖಂಡನೆಯೇ ಹೊರತು ಸ್ವರವಿಕಾರವಲ್ಲ.

ಸಿದ್ಧಾಂತವು ಅನ್ವಯ-ವ್ಯತಿರೇಕಗಳಿಂದ ಸಾಧ್ಯ. ಆಂಟೆನಾವನ್ನು ಕಳಚಿ, ಶಕ್ತಿಯನ್ನು ಹೊರಬಿಡದೆ ನುಂಗುವ 50 ಓಮ್‌ನ ಡಮ್ಮಿ ಲೋಡನ್ನು ಜೋಡಿಸಿ, ಶಕ್ತಿಯನ್ನು ಮೊದಲಿನಷ್ಟೇ ಇಟ್ಟು ಮಾತನಾಡಿ, ಬೇರೊಂದು ರಿಸೀವರಿನಲ್ಲಿ ಅದನ್ನು ಧ್ವನಿಮುದ್ರಿಸಿ ಕೇಳತಕ್ಕದ್ದು. ವಿಕಾರ ಮಾಯವಾಯಿತೋ, ಆಂಟೆನಾದಿಂದ ಹೊರಟ ಅಲೆಯೇ ಮೈಕಿನ ತಂತಿಯನ್ನೋ ಯುಎಸ್‌ಬಿ ಕೇಬಲನ್ನೋ ಹಿಡಿದು ತವರಿಗೆ ಮರಳುತ್ತಿದೆಯೆಂದು ತಿಳಿದು, ತಂತಿಯನ್ನು ಫೆರೈಟ್ ಉಂಗುರಕ್ಕೆ ನಾಲ್ಕಾರು ಸುತ್ತು ಸುತ್ತುವುದು. ವಿಕಾರ ಉಳಿಯಿತೋ, ದೋಷವು ಗೇನಿನಲ್ಲಿದೆ. ಗೇನಿನಲ್ಲಿರುವ ದೋಷವಾದರೋ ಪ್ರಾಯಶಃ ಮನುಷ್ಯನಲ್ಲಿದೆ.

ಹೇಗೆಂದರೆ, ಗಣಕದ ಮೈಕ್ ಮಟ್ಟ, ಅದರ ಬೂಸ್ಟು, ತಂತ್ರಾಂಶದ ಮೈಕ್ ಗೇನು, ಈಕ್ವಲೈಸರು, ಕಂಪ್ರೆಸರು, ಕಟ್ಟಕಡೆಗೆ ಮಟ್ಟವನ್ನು ತಾನೇ ನಿಯಂತ್ರಿಸುವ ದ್ವಾರಪಾಲಕನಾದ ಎಎಲ್‌ಸಿ ಎಂದು ಧ್ವನಿಯು ಕಚೇರಿಯ ಅರ್ಜಿಯಂತೆ ಮೇಜಿನಿಂದ ಮೇಜಿಗೆ ಸಾಗುವುದಷ್ಟೆ. 20 ಡೆಸಿಬೆಲ್ಲಿನ ಬೂಸ್ಟೆಂದರೆ ವೋಲ್ಟೇಜು ಹತ್ತು ಪಟ್ಟು. ಅಂಕೀಯ ಜಗತ್ತಿನಲ್ಲಿ ಸೊನ್ನೆ ಡೆಸಿಬೆಲ್ಲೇ ಅಂತಿಮ ಮೇರೆ. ಅದನ್ನು ಮೀರಲೆಳಸಿದ ಅಲೆಯ ಶಿಖರ ಅಲ್ಲಿಯೇ ಚಪ್ಪಟೆಯಾಗುವುದು, ಮುಂದಿನ ಮೇಜಿನಲ್ಲಿ ಎಷ್ಟು ತಗ್ಗಿಸಿದರೂ ಆ ಶಿಖರ ಪುನಃ ಮೊಳೆಯದು. ಆದುದರಿಂದಲೇ ಮೊದಲನೆಯ ಗುಂಡಿಯಿಂದ ಆರಂಭಿಸಿ ತಗ್ಗಿಸುತ್ತ ಬರಬೇಕು. ಕೊನೆಯದನ್ನು ಮಾತ್ರ ತಿರುಗಿಸಿ ನಿಟ್ಟುಸಿರಿಡುವುದು ಶಾಸ್ತ್ರವಿರುದ್ಧವಾದರೂ ಲೋಕಾಚಾರಸಮ್ಮತ.

ಸಂಶಯಾತ್ಮರಿಗೆ ದ್ವಿಸ್ವರಪರೀಕ್ಷೆಯುಂಟು. 700 ಮತ್ತು 1,900 ಹರ್ಟ್ಜ್‌ನ ಎರಡು ಶುದ್ಧ ಸ್ವರಗಳನ್ನು 7,100 ಕಿಲೋಹರ್ಟ್ಜ್‌ನಲ್ಲಿ ಕೆಳ ಸೈಡ್‌ಬ್ಯಾಂಡಿನ ಮೂಲಕ ಡಮ್ಮಿ ಲೋಡಿಗೆ ಕಳುಹಿಸಿದರೆ, ಆ ಬೇರೊಂದು ರಿಸೀವರಿನ ತೆರೆಯ ಮೇಲೆ 7,099.3 ಮತ್ತು 7,098.1ರಲ್ಲಿ ಎರಡೇ ಕಂಬಗಳು ಎದ್ದುಕಾಣಬೇಕು. ಯಂತ್ರವನ್ನು ಅತಿಯಾಗಿ ದುಡಿಸಿದರೆ 7,096.9ರಲ್ಲೊಂದು, ಕ್ಯಾರಿಯರಿನ ಆಚೆಗೆ, ನಮ್ಮ ಸೈಡ್‌ಬ್ಯಾಂಡಿಗೆ ಸೇರದ 7,100.5ರಲ್ಲೊಂದು, ಹೀಗೆ ಕರೆಯದ ಸಂತತಿ ಬೆಳೆದು ನಿಲ್ಲುವುದು. ಇವೇ ತೃತೀಯಕ್ರಮದ ಸಂಕರಗಳು. ಪಕ್ಕದ ಸ್ಟೇಷನ್ನಿನವರ ಶಾಪಕ್ಕೆ ಮೂಲವೂ ಇವೇ.

ಕೊನೆಯ ಆಕ್ಷೇಪ: ಗೇನನ್ನು ತಗ್ಗಿಸಿದ ಮೇಲೆ ಮೀಟರಿನ ಮುಳ್ಳು 100 ವ್ಯಾಟನ್ನು ಮುಟ್ಟುತ್ತಲೇ ಇಲ್ಲವಲ್ಲ? ಸಮಾಧಾನ: ಸಾಧಾರಣ ಮೀಟರು ತೋರುವುದು ಸರಾಸರಿಯನ್ನು, ಮಾತಿನ ಶಿಖರವನ್ನಲ್ಲ, ಮುಳ್ಳು ಕೆಳಗೆ ಓಲಾಡುತ್ತಿರುವಾಗಲೂ ಶಿಖರವು ತನ್ನ 100ನ್ನು ಮುಟ್ಟಿರಬಹುದು. ಈ ಸಮಾಧಾನವನ್ನು ಶಿರಸಾವಹಿಸಿದ ಅನೇಕ ಸಾಧಕರು, ಒಬ್ಬರೇ ಇರುವಾಗ, ಗುಂಡಿಯನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸುವುದುಂಟು. ಅದಕ್ಕೆ ವಿಹಿತವಾದ ಪ್ರಾಯಶ್ಚಿತ್ತವನ್ನು ಈ ಗ್ರಂಥದ ದ್ವಿತೀಯ ಸಂಪುಟದಲ್ಲಿ ಸವಿಸ್ತಾರವಾಗಿ ನಿರೂಪಿಸಲಾಗುವುದು.